ಗುರುಪರಮಾಣುಬೀಜಗಳ ಸಂಘಟ್ಟನೆಯಲ್ಲಿ ಶಕ್ತಿಯ ಉತ್ಪತ್ತಿವಿಚಾರ

ಚಿನ್ನ, ಸೀಸ ಮೊದಲಾದ ಭಾರವಾದ ಧಾತುಗಳ ನ್ಯೂಕ್ಲಿಯಸುಗಳು, ಅಂದರೆ ಪರಮಾಣುಬೀಜಗಳು, ಬೆಳಕಿನ ವೇಗಕ್ಕೆ ಸಮೀಪವಾದ ವೇಗದಿಂದ ಪರಸ್ಪರ ಡಿಕ್ಕಿಹೊಡೆದಾಗ ಶಕ್ತಿಯು ಉತ್ಪನ್ನವಾಗುವುದೆಂಬ ವ್ಯವಹಾರವುಂಟು. ಈ ಮಾತು ಔಪಚಾರಿಕವಾದುದು. ಅಲ್ಲಿ ಇಲ್ಲದ ಶಕ್ತಿಯೊಂದು ಹುಟ್ಟುವುದಿಲ್ಲ. ಬೀಜಗಳ ಚಲನದಲ್ಲಿದ್ದ ಶಕ್ತಿಯೇ ತಾಪವಾಗಿಯೂ ನೂತನ ಕಣಗಳಾಗಿಯೂ ಪರಿಣಮಿಸುವುದು. ಹೀಗೆ ಪರಿಣಮಿಸುವ ಅಂಶವೆಷ್ಟು, ಪರಿಣಮಿಸಿದ ದ್ರವ್ಯದ ಸ್ವರೂಪವೇನು ಎಂಬ ಎರಡು ಪ್ರಶ್ನೆಗಳ ಚರಿತ್ರೆಯೇ ಈ ಶಾಸ್ತ್ರದ ಚರಿತ್ರೆಯಾಗಿದೆ.

೧೯೫೦ರಲ್ಲಿ ಎನ್ರಿಕೊ ಫರ್ಮಿಯವರು, ಸಂಘಟ್ಟನೆಯ ಶಕ್ತಿಯು ಅತ್ಯಲ್ಪವಾದ ಸ್ಥಳದಲ್ಲಿ ಕೂಡಿ, ಒಡನೆಯೇ ಕಣಗಳಾಗಿ ಚದರುವುದೆಂದು ಪ್ರತಿಪಾದಿಸಿದರು. ೧೯೫೩ರಲ್ಲಿ ರಷ್ಯಾದ ಲೆವ್ ಲ್ಯಾಂಡೌ ಇದನ್ನು ತಿದ್ದಿದರು. ಅಷ್ಟು ದಟ್ಟಣೆಯಲ್ಲಿ ಕಣಗಳು ಒಡನೆಯೇ ಬೇರ್ಪಡಲಾರವು. ದ್ರವದಂತೆ ಹರಡಿದ ಬಳಿಕವೇ ಬೇರೆಬೇರೆಯಾಗುವುವು ಎಂಬುದು ಅವರ ಪಕ್ಷ. ಬೀಜಗಳು ಮೊದಲು ಪೂರ್ಣವಾಗಿ ತಡೆದು ನಿಲ್ಲುವುವೆಂದು ಅವರು ಅಂಗೀಕರಿಸಿದ್ದರು. ೧೯೮೩ರಲ್ಲಿ ಅಮೆರಿಕದ ಬ್ಯೋರ್ಕೆನ್ ಅವರು, ಅತಿವೇಗದ ಬೀಜಗಳು ಒಂದನ್ನೊಂದು ಹಾದುಹೋಗುವುವೆಂದೂ, ಅವುಗಳ ನಡುವೆ ಉಳಿದ ಶಕ್ತಿಯ ಸಾಂದ್ರತೆಯನ್ನು ಅಡ್ಡದಿಕ್ಕಿಗೆ ಹೊರಡುವ ಶಕ್ತಿಯಿಂದ ಗಣಿಸಬಹುದೆಂದೂ ತೋರಿಸಿದರು.

ಈ ಪಕ್ಷಗಳಿಗೆ ಪ್ರತ್ಯಕ್ಷಪ್ರಮಾಣವು ಕ್ರಮವಾಗಿ ದೊರೆಯಿತು. ೧೯೭೪ರಲ್ಲಿ ಬರ್ಕ್‌ಲಿಯಲ್ಲಿಯೂ, ೧೯೮೬ರಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿಯೂ, ೨೦೦೦ದಲ್ಲಿ ಬ್ರೂಕ್‌ಹೇವನ್ನಿನಲ್ಲಿಯೂ ಪರೀಕ್ಷೆಗಳು ಮೊದಲಾದುವು. ಬ್ರೂಕ್‌ಹೇವನ್ನಿನಲ್ಲಿ ಚಿನ್ನದ ಬೀಜದ ಒಂದೊಂದು ಪ್ರೋಟಾನಿಗೂ ನ್ಯೂಟ್ರಾನಿಗೂ ೧೦೦ ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದ್ದಿತು. ನೇರವಾದ ಸಂಘಟ್ಟನೆಗಳಲ್ಲಿ ಅದರೊಳಗೆ ಸುಮಾರು ೭೩ ಭಾಗವು ಬೇರೆ ರೂಪವನ್ನು ತಾಳುವುದೆಂದು ಬ್ರಾಹ್ಮ್ಸ್ ಎಂಬ ವಿದ್ವನ್ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿತು. ಒಂದು ಸಂಘಟ್ಟನೆಯ ಒಟ್ಟು ಶಕ್ತಿಯಾದರೋ ಅತ್ಯಲ್ಪವು: ಒಂದು ಮಿಲಿಗ್ರಾಂ ತೂಕವನ್ನು ಸುಮಾರು ಒಂದೂವರೆ ಮೊಳ ಎತ್ತುವುದಕ್ಕೆ ಸಾಲುವಷ್ಟು. ಆದರೆ ಸ್ಥಳವು ಅತಿಸೂಕ್ಷ್ಮವಾದುದರಿಂದ ಸಾಂದ್ರತೆಯು ಸಾಮಾನ್ಯ ಬೀಜದ ಸಾಂದ್ರತೆಗೆ ಸುಮಾರು ೩೦ ಮಡಿಯಾಯಿತು. ವಿಶೇಷವು ಶಕ್ತಿಯ ಪ್ರಮಾಣದಲ್ಲಿಲ್ಲ, ಅದರ ಸಾಂದ್ರತೆಯಲ್ಲಿದೆ.

ಇಂತಹ ತಾಪದಲ್ಲಿ ಕ್ವಾರ್ಕುಗಳು ಅನಿಲದಂತೆ ಸ್ವತಂತ್ರವಾಗಿ ಸಂಚರಿಸುವುವೆಂದೇ ಬಹುಮಂದಿ ಭಾವಿಸಿದ್ದರು. ೨೦೦೫ರಲ್ಲಿ ಬ್ರೂಕ್‌ಹೇವನ್ನಿನ ವಿದ್ವಾಂಸರು, ಆ ದ್ರವ್ಯವು ಅನಿಲವಲ್ಲ, ಸ್ನಿಗ್ಧತೆಯು ಅತ್ಯಲ್ಪವಾದ ದ್ರವವೆಂದು ಘೋಷಿಸಿದರು. ೨೦೧೦ರಲ್ಲಿ ಸರ್ನ್ ಸಂಸ್ಥೆಯಲ್ಲಿ ನಡೆದ ಸೀಸದ ಸಂಘಟ್ಟನೆಗಳೂ ಇದನ್ನೇ ಸಮರ್ಥಿಸಿದುವು.

ಇದರಿಂದ ಲ್ಯಾಂಡೌ ಅವರ ಪಕ್ಷವೇ ಪೂರ್ಣವಾಗಿ ಗೆದ್ದಿತೆಂದು ಹೇಳಲಾಗದು. ೧೦೦ರಲ್ಲಿ ಸುಮಾರು ೨೭ ಭಾಗವು ಬೀಜಗಳೊಡನೆಯೇ ಮುಂದೆ ಸಾಗುವುದರಿಂದ, ಪೂರ್ಣವಾದ ತಡೆಯೆಂಬ ಅವರ ಅಂಗೀಕಾರವು ನಿಲ್ಲುವುದಿಲ್ಲ. ಆ ಅಂಶದಲ್ಲಿ ಬ್ಯೋರ್ಕೆನ್ ಅವರ ಮತವೇ ಸತ್ಯಕ್ಕೆ ಹತ್ತಿರವಾದುದು. ಆದರೆ ದ್ರವಕಲ್ಪನೆಯು ೧೯೬೮ರಲ್ಲಿ ಲ್ಯಾಂಡೌ ತೀರಿಕೊಂಡ ಮೇಲೆ ೩೭ ವರ್ಷಗಳಿಗೆ ಸಿದ್ಧಾಂತಪದವಿಯನ್ನು ಪಡೆಯಿತು. ಒಂದು ಮತದ ಒಂದಂಶವು ಖಂಡಿತವಾದ ಮಾತ್ರಕ್ಕೆ ಅದರ ಸರ್ವಸ್ವವನ್ನೂ ತ್ಯಜಿಸಬಾರದೆಂಬುದಕ್ಕೆ ಈ ಚರಿತ್ರೆಯೇ ನಿದರ್ಶನವು.