ಬಿಬವೇವಾಡಿಯ ಮಡಿವಾಳ

ಬಿಬವೇವಾಡಿಯಲ್ಲಿ ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಹಾಲಿನವನಿಗಿಂತ ಮೊದಲು ನಮ್ಮನ್ನು ಎಬ್ಬಿಸುವುದು ಒಂದು ಹಕ್ಕಿ. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೋ ಡಿಶ್ ಆಂಟೆನಾದ ತುದಿಯಲ್ಲೋ ಕುಳಿತು, ಬೆಳಕು ಹರಿಯುವ ಮುನ್ನವೇ ಸಿಳ್ಳು ಹಾಕತೊಡಗುತ್ತದೆ. ನಮ್ಮ ಬಳಗದ ಒಂದು ಭಾನುವಾರದ ಕೂಟದಲ್ಲಿ ಅದರ ಹೆಸರಿನ ಮಾತು ಬಂತು. ಶಿರಸಿ ಕಡೆಯ ಹಿರಿಯರೊಬ್ಬರು ‘ಮಡಿವಾಳ’ ಎಂದರು. ಪಕ್ಕದ ಮನೆಯ ಮರಾಠಿ ಆಜಿ ‘ದಯಾಳ’ ಎಂದರು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಫೋನಿನಲ್ಲಿ ಹುಡುಕಿ ‘ಓರಿಯೆಂಟಲ್ ಮ್ಯಾಗ್‌ಪೈ ರಾಬಿನ್’ ಎಂದು ತೀರ್ಪು ಕೊಟ್ಟರು. ಮೂರೂ ಸರಿಯೇ. ಆದರೆ ಮಕ್ಕಳಲ್ಲಿ ಒಬ್ಬರಿಗೂ ‘ಮಡಿವಾಳ’ ಎಂಬ ಹೆಸರು ತಿಳಿದಿರಲಿಲ್ಲ. ದಿನವೂ ಕೇಳುವ ಹಕ್ಕಿಯ ಹೆಸರನ್ನು ನಾವೇ ಅವರಿಗೆ ದಾಟಿಸಿರಲಿಲ್ಲ.

ಮೊದಲು ಹಕ್ಕಿಯ ಗುರುತು. ಗಾತ್ರ ಸುಮಾರು 19 ಸೆಂಟಿಮೀಟರು. ಗಂಡಿನ ತಲೆ, ಎದೆ, ಬೆನ್ನು ನೀಲಿ ಹೊಳಪಿನ ಕಪ್ಪು, ಹೊಟ್ಟೆ ಬಿಳುಪು, ರೆಕ್ಕೆಯ ಮೇಲೆ ಉದ್ದನೆಯ ಬಿಳಿ ಪಟ್ಟಿ, ಬಾಲದ ಎರಡೂ ಅಂಚು ಬಿಳಿ. ಹೆಣ್ಣಿನಲ್ಲಿ ಕಪ್ಪಿನ ಜಾಗವನ್ನು ಬೂದುಬಣ್ಣ ಆಕ್ರಮಿಸಿರುತ್ತದೆ. ಈ ಶುಭ್ರ ತೊಡುಗೆಯನ್ನು ಕಂಡವರಿಗೆ ಮಡಿವಾಳನೆಂಬ ಹೆಸರಿನ ಔಚಿತ್ಯವನ್ನು ಬೇರೆ ವಿವರಿಸಬೇಕಿಲ್ಲ. ತಳಜಾಯಿ ಗುಡ್ಡದ ಕುರುಚಲಿನಲ್ಲಿ ಇದರ ಬಂಧು ಇಂಡಿಯನ್ ರಾಬಿನ್ ಕೂಡ ಬಾಲ ನಿಮಿರಿಸಿ ಓಡಾಡುವುದರಿಂದ ಗೊಂದಲವಾಗಬಹುದು. ಅದರ ಗಂಡಿನ ಹೊಟ್ಟೆ ಕಪ್ಪು, ಬಾಲದ ಬುಡದ ಕೆಳಗೆ ಕೆಂಗಂದು. ಅದು ಹೆಚ್ಚಾಗಿ ಕಲ್ಲುನೆಲವನ್ನೇ ನೆಚ್ಚಿರುತ್ತದೆ. ಮಡಿವಾಳವಾದರೋ ತೋಟ, ಹಿತ್ತಿಲುಗಳ ಹಕ್ಕಿ. ಮರದ ಪೊಟರೆಯಲ್ಲಿ, ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಬಹುಪಾಲು ಮೌನಿ. ಆದ್ದರಿಂದ ಹುಡುಕಲು ತಕ್ಕ ಕಾಲ ಬೇಸಿಗೆಯ ನಸುಕು, ತಕ್ಕ ಸಾಧನ ಕಿವಿ.

ಈ ಹಕ್ಕಿ ಗ್ರಂಥಗಳನ್ನು ಹೊಕ್ಕ ಕಥೆಯೂ ಕಿವಿಯ ಕಥೆಯೇ. ಸುಮಾರು ಮುನ್ನೂರು ವರ್ಷಗಳ ಹಿಂದೆ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿದ್ದ ಎಡ್ವರ್ಡ್ ಬಲ್ಕ್‌ಲಿ, ಲಂಡನ್ನಿನ ಔಷಧಿ ವ್ಯಾಪಾರಿ ಜೇಮ್ಸ್ ಪೆಟಿವರ್ ಅವರಿಗೆ ಗಂಡು ಮಡಿವಾಳವೊಂದನ್ನು ಕಳುಹಿಸಿಕೊಟ್ಟರು. ಜೊತೆಯಲ್ಲಿ ಇಲ್ಲಿಯ ಜನರ ಬಾಯಲ್ಲಿ ಕೇಳಿದ ಹೆಸರೂ ಹೋಯಿತು: ‘ಸೌಲರಿ’. ಪೆಟಿವರ್ ಬರೆದ ವರ್ಣನೆ, ಜಾನ್ ರೇ ಅವರ ಮರಣಾನಂತರ 1713ರಲ್ಲಿ ಪ್ರಕಟವಾದ ಪಕ್ಷಿಗ್ರಂಥದಲ್ಲಿ ಸೇರಿತು. 1758ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಜೀವಿಗಳಿಗೆ ಲ್ಯಾಟಿನ್ ನಾಮಕರಣ ಮಾಡುವಾಗ ಇದನ್ನು ‘ಸೌಲಾರಿಸ್’ ಎಂದು ಕರೆದರು. ಇಂದಿಗೂ ಅದರ ವೈಜ್ಞಾನಿಕ ಹೆಸರು ‘ಕಾಪ್ಸಿಕಸ್ ಸೌಲಾರಿಸ್’.

ಇನ್ನೊಂದು ಕಡೆಯಿಂದ ಇನ್ನೊಂದು ಹೆಸರು ಹೊರಟಿತ್ತು. ಉತ್ತರದ ‘ದಹಿಯಲ್’ ಶಬ್ದವನ್ನು ಇಂಗ್ಲೆಂಡಿನ ಚಿತ್ರಕಾರ ಎಲಿಯೇಜರ್ ಆಲ್ಬಿನ್ 1737ರಲ್ಲಿ ‘ಡಯಲ್ ಬರ್ಡ್’ ಎಂದು ಬರೆದರು. ಫ್ರಾನ್ಸಿನ ಲವೈಯಾಂ ಅದನ್ನು ಓದಿ, ಇದು ನೆರಳಿನಿಂದ ಹೊತ್ತು ತಿಳಿಸುವ ಗಡಿಯಾರದ ‘ಡಯಲ್’ ಇರಬೇಕೆಂದು ಭಾವಿಸಿ, ತಮ್ಮ ಭಾಷೆಯಲ್ಲಿ ಅದೇ ಅರ್ಥದ ಹೆಸರಿಟ್ಟರು. ಪ್ರಮಾದ ಅಲ್ಲಿಗೇ ನಿಲ್ಲಲಿಲ್ಲ. 1862ರಿಂದ 1864ರ ನಡುವೆ ಭಾರತದ ಹಕ್ಕಿಗಳ ಬಗ್ಗೆ ಮಹಾಗ್ರಂಥವನ್ನು ಪ್ರಕಟಿಸಿದ ಥಾಮಸ್ ಜರ್ಡನ್, ಲಿನ್ನೇಯಸ್ ಸೂರ್ಯಸಂಬಂಧಿಯಾದ ‘ಸೋಲಾರಿಸ್’ ಎಂದು ಬರೆಯಹೊರಟು ಕೈತಪ್ಪಿ ‘ಸೌಲಾರಿಸ್’ ಎಂದು ಬರೆದರೆಂದು ವ್ಯಾಖ್ಯಾನಿಸಿದರು. ಕಲ್ಕತ್ತೆಯಲ್ಲಿ ವಸ್ತುಸಂಗ್ರಹಾಲಯ ನೋಡಿಕೊಂಡಿದ್ದ ಎಡ್ವರ್ಡ್ ಬ್ಲಿತ್ ಈ ವ್ಯಾಖ್ಯಾನವನ್ನು ಒಪ್ಪಲಿಲ್ಲ. ಸೌಲಾರಿಸ್ ಕೈತಪ್ಪಲ್ಲ, ಮದರಾಸಿನಿಂದ ಹೋದ ‘ಸೌಲರಿ’ಯೇ ಅದು; ನೂರು ಹಾಡಿನ ಹಕ್ಕಿಯೆಂದು ಅದರ ಅರ್ಥ ಎಂದು ಅವರು ತೋರಿಸಿದರು.

ಗಮನಿಸಬೇಕಾದುದು ಇಷ್ಟು: ದಹಿಯಲ್ ಶಬ್ದವನ್ನು ಆಡುವವರಲ್ಲಿ ವಿಚಾರಿಸಿದ್ದರೆ ಗಡಿಯಾರ ಹುಟ್ಟುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದಂತೆ ಬರೆದಿಟ್ಟ ಚೀಟಿಯೊಂದು ಉಳಿದದ್ದರಿಂದ ಜನರ ಬಾಯಿಮಾತು ಲ್ಯಾಟಿನ್ನಿನ ವೇಷದಲ್ಲಿ ಇಂದಿಗೂ ಬದುಕಿದೆ. ಆ ದಹಿಯಲ್ ಕೂಡ ಅಳಿಯಲಿಲ್ಲ. ಅದೇ ಬಂಗಾಳಿಯ ‘ದೊಯೆಲ್’, ಬಾಂಗ್ಲಾದೇಶದ ರಾಷ್ಟ್ರಪಕ್ಷಿ, ಅಲ್ಲಿಯ ಹಳೆಯ ಎರಡು ಟಾಕಾ ನೋಟಿನ ಮೇಲಿದ್ದ ಹಕ್ಕಿ. ನಮ್ಮ ಪಕ್ಕದ ಮನೆಯ ಆಜಿಯ ‘ದಯಾಳ’ವೂ ಅದರದೇ ಬಳಗ.

ನಾವಿರುವ ಈ ದಖ್ಖನ್ ನೆಲಕ್ಕೂ ಪಕ್ಷಿವಿದ್ಯೆಯ ಚರಿತ್ರೆಯಲ್ಲಿ ಸ್ಥಾನವಿದೆ. ಮುಂಬಯಿ ಸರಕಾರದ ಪರವಾಗಿ 1824ರಿಂದ ಈ ಪ್ರಾಂತದ ಅಂಕಿ-ಅಂಶ ಕಲೆಹಾಕುತ್ತಿದ್ದ ಸೇನಾಧಿಕಾರಿ ವಿಲಿಯಂ ಸೈಕ್ಸ್, ದಖ್ಖನ್ನಿನ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಒಂದು ನೆಲಗುಬ್ಬಿಗೆ ‘ದೇವಾ’, ಒಂದು ನತ್ತಿಂಗಕ್ಕೆ ‘ಮಹ್ರಟ್ಟೆನ್ಸಿಸ್’ ಎಂದು ಅವರಿಟ್ಟ ಹೆಸರುಗಳು ಈಗಲೂ ಬಳಕೆಯಲ್ಲಿವೆ. ಕನ್ನಡದ ಮಟ್ಟಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕವು ನಮ್ಮಲ್ಲನೇಕರಿಗೆ ಹಕ್ಕಿಯನ್ನು ಕನ್ನಡದಲ್ಲಿಯೇ ಗುರುತಿಸುವ ರೂಢಿ ಕಲಿಸಿತು. ಹೊರನಾಡಿಗೆ ಬಂದ ಮೇಲೆ ಆ ಪುಸ್ತಕ ಕಪಾಟಿನಲ್ಲಿ ಉಳಿಯಿತು, ರೂಢಿ ತಪ್ಪಿತು.

ಫೋನು ಹೇಳಿದ ಹೆಸರು ತಪ್ಪಲ್ಲ. ಆದರೆ ಶಿರಸಿಯ ಹಿರಿಯರ ನೆನಪು ಅದಕ್ಕೆ ತಿಳಿಯದು. ಆದ್ದರಿಂದ ಬಳಗದಲ್ಲಿ ಈಗ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಕಂಡ ಹಕ್ಕಿ, ಕಂಡ ಜಾಗ, ಹೊತ್ತು, ಕೂಗು. ಜೊತೆಗೆ ಹೆಸರು ಹೇಳಿದವರು ಯಾರು, ಯಾವ ಊರಿನವರು ಎಂಬುದನ್ನೂ ಮಕ್ಕಳೇ ಬರೆಯುತ್ತಾರೆ. ಮೊದಲ ಪುಟದಲ್ಲಿ ‘ಮಡಿವಾಳ, ದಯಾಳ’ ಎಂದಿದೆ. ಬೇರೆ ಬೇರೆ ಊರುಗಳಲ್ಲಿರುವ ಓದುಗರ ಮನೆಗಳಲ್ಲಿ ಇದಕ್ಕೆ ಮತ್ತೇನು ಹೆಸರಿತ್ತೋ, ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ.