ಹನ್ನೆರಡೂವರೆ ಫ್ರಾಂಕಿನ ಪ್ಯಾರಿಸ್

'ಮಿಡ್‌ನೈಟ್ ಇನ್ ಪ್ಯಾರಿಸ್' ಸಿನಿಮಾನ ಎರಡನೇ ಸಲ ನೋಡಿದೆ. ವುಡಿ ಆಲೆನ್ 2011ರಲ್ಲಿ ಮಾಡಿದ್ದು. ನೋಡಿಲ್ಲದವರಿಗೆ ಕತೆ ಇಷ್ಟು: ಗಿಲ್ ಎಂಬ ಹಾಲಿವುಡ್ ಚಿತ್ರಕತೆಗಾರ ಒಂದು ಕಾದಂಬರಿ ಬರೆಯಲು ಒದ್ದಾಡುತ್ತಿದ್ದಾನೆ. ಪ್ಯಾರಿಸ್ಸಿನಲ್ಲಿ ಒಂದು ಮಧ್ಯರಾತ್ರಿ ಹಳೇ ಕಾರೊಂದು ಬಂದು ಅವನನ್ನು 1920ರ ದಶಕಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸ್ಕಾಟ್ ಫಿಟ್ಸ್‌ಜೆರಾಲ್ಡ್, ಅವನ ಹೆಂಡತಿ ಜೆಲ್ಡಾ, ಹೆಮಿಂಗ್ವೇ... ಗರ್ಟ್ರೂಡ್ ಸ್ಟೈನ್ ಅಂತೂ ಇವನ ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುತ್ತಾಳೆ! ನಮ್ಮಂಥ ಬರೆಯೋ ಚಟದವರ ಹೊಟ್ಟೆ ಉರಿಸೋಕೆ ಇನ್ನೇನು ಬೇಕು?

ಮೊದಲ ಸಲ ಮೈಮರೆತು ನೋಡಿದ್ದೆ. ಈ ಸಲ ಒಂದು ಪ್ರಶ್ನೆ ಕೊರೀತಾ ಇತ್ತು. ಇಷ್ಟೊಂದು ಅಮೆರಿಕನ್ನರು ಅಲ್ಲಿ ಏನು ಮಾಡ್ತಿದ್ದರು? ಸಂಬಳದ ಚಿಂತೆಯಿಲ್ಲದೆ ರಾತ್ರಿಯಿಡೀ ಕುಡಿದು ಕುಣಿಯೋಕೆ ದುಡ್ಡು ಎಲ್ಲಿಂದ ಬರ್ತಿತ್ತು?

ಉತ್ತರ ಸಾಹಿತ್ಯದಲ್ಲಿಲ್ಲ, ವಿನಿಮಯ ದರದಲ್ಲಿದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಐದು ಫ್ರಾಂಕ್ ಚಿಲ್ಲರೆ ಸಿಗುತ್ತಿತ್ತು. ಯುದ್ಧದ ಸಾಲದಲ್ಲಿ ಫ್ರಾನ್ಸ್ ಮುಳುಗಿತು, ಫ್ರಾಂಕ್ ಜಾರಿತು. ಹೆಮಿಂಗ್ವೇ ಪ್ಯಾರಿಸ್ಸಿಗೆ ಬಂದಿದ್ದು 1921ರ ಡಿಸೆಂಬರಿನಲ್ಲಿ. 1922ರ ಫೆಬ್ರವರಿಯಲ್ಲಿ ಅವನು ಟೊರಾಂಟೊ ಸ್ಟಾರ್ ಪತ್ರಿಕೆಗೆ ಬರೆದ ಲೇಖನದ ವಿಷಯ ಏನು ಗೊತ್ತಾ? ವರ್ಷಕ್ಕೆ ಸಾವಿರ ಡಾಲರಿನಲ್ಲಿ ಪ್ಯಾರಿಸ್ಸಿನಲ್ಲಿ ಬದುಕೋದು ಹೇಗೆ ಅಂತ! ಆಗ ಡಾಲರಿಗೆ ಹನ್ನೆರಡೂವರೆ ಫ್ರಾಂಕ್. ಡಾಲರಿನಲ್ಲಿ ಗಳಿಸಿ ಅಗ್ಗದ ಊರಲ್ಲಿ ಖರ್ಚು ಮಾಡುವ ಈ ಲೆಕ್ಕವನ್ನು ನಮ್ಮ ಐಟಿ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನಿಗೆ ಹೆಂಡತಿ ಹ್ಯಾಡ್ಲಿಯ ಪಿತ್ರಾರ್ಜಿತದ ಹಣವೂ ಬರುತ್ತಿತ್ತು. ಜೊತೆಗೆ ಅಮೆರಿಕದಲ್ಲಿ 1920ರಿಂದ ಪಾನನಿಷೇಧ. ಇಲ್ಲಿ ವೈನ್ ನೀರಿನಷ್ಟು ಸಲೀಸು.

(ಇದೇ ಹ್ಯಾಡ್ಲಿ 1922ರ ಡಿಸೆಂಬರಿನಲ್ಲಿ ಗಂಡನ ಹಸ್ತಪ್ರತಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟಾಗ ಗಾರ್ ದ ಲಿಯೋಂ ರೈಲು ನಿಲ್ದಾಣದಲ್ಲಿ ಪೆಟ್ಟಿಗೆಯೇ ಕಳುವಾಯಿತು. ಕಾರ್ಬನ್ ಪ್ರತಿಗಳೂ ಅದರೊಳಗೇ ಇದ್ದವು. ಬ್ಯಾಕಪ್ ಇಡೋ ಜಾಗವೇ ಅದು?)

ಸಿನಿಮಾ ತೋರಿಸದೇ ಬಿಟ್ಟ ಪ್ಯಾರಿಸ್ ಇನ್ನೊಂದಿದೆ. 1926ರ ಜುಲೈಯಲ್ಲಿ ಡಾಲರ್ ಐವತ್ತು ಫ್ರಾಂಕಿನ ಹತ್ತಿರ ಹೋಯಿತು. ಜೀವಮಾನವಿಡೀ ಉಳಿಸಿ ಸರ್ಕಾರಿ ಬಾಂಡುಗಳಲ್ಲಿ ಹಣ ಹಾಕಿದ್ದ ಮುದುಕ ಮುದುಕಿಯರ ಬಡ್ಡಿ ಮಾರ್ಕೆಟ್ಟಿಗೂ ಸಾಲದಾಯಿತು. ಅದೇ ತಿಂಗಳು ಅಮೆರಿಕನ್ ಪ್ರವಾಸಿಗರ ಬಸ್ಸುಗಳನ್ನು ಪ್ಯಾರಿಸ್ಸಿನ ಜನ ಸುತ್ತುವರಿದು ಕೂಗಾಡಿದರು. ಅಕ್ಟೋಬರಿನಲ್ಲಿ 'ದಿ ಸನ್ ಆಲ್ಸೋ ರೈಸಸ್' ಕಾದಂಬರಿ ಹೊರಬಂತು. ನಮಗೆ ನೆನಪಿರೋದು ಅದೊಂದೇ. 1928ರಲ್ಲಿ ಸರ್ಕಾರ ಫ್ರಾಂಕಿನ ಬೆಲೆಯನ್ನು ಯುದ್ಧಪೂರ್ವದ ಐದನೇ ಒಂದು ಭಾಗಕ್ಕೆ ಕಾನೂನಿನ ಮೂಲಕವೇ ನಿಲ್ಲಿಸಿತು. ಅಂದರೆ ಉಳಿತಾಯದ ಐದರಲ್ಲಿ ನಾಲ್ಕು ಪಾಲು ಗೋವಿಂದ!

ಇದು ಗೊತ್ತಿದ್ದರೆ ಏಡ್ರಿಯಾನಾ ಪಾತ್ರ ಬೇರೆಯೇ ಥರ ಕಾಣುತ್ತೆ. ಗಿಲ್‌ಗೆ 1920 ಸ್ವರ್ಗ. ಅವನು ಮನಸೋತ ಈ ಫ್ರೆಂಚ್ ಹುಡುಗಿಗೆ ಮಾತ್ರ ತನ್ನ ಕಾಲ ಬೇಡ. 1890ರ ದಶಕಕ್ಕೆ ಹೋಗಿ ಅಲ್ಲೇ ಉಳಿದುಬಿಡುತ್ತಾಳೆ. ಎಲ್ಲರಿಗೂ ದೂರದ ಬೆಟ್ಟ ನುಣ್ಣಗೆ ಅನ್ನೋದು ನಿರ್ದೇಶಕರ ವಿವರಣೆ. ನನಗೇನೋ ಅವಳ ಲೆಕ್ಕವೇ ಸರಿ ಅನ್ನಿಸಿತು. ಆ ಕಾಲದಲ್ಲಿ ಫ್ರಾಂಕ್ ಇನ್ನೂ ಚಿನ್ನದ ಮೇಲೆ ನಿಂತಿತ್ತು.