ಮುಂಡರಗಿ ಶಿಬಿರ ಮತ್ತು ‘ಆಂತರಿಕ ವಿಷಯ’ದ ವಾದ: ಗಡಿಯಿಂದ ಕಂಡ ಹೈದರಾಬಾದ್ ಪ್ರಕರಣ

ಹೈದರಾಬಾದ್ ಸಂಸ್ಥಾನವು 1948ರ ಆಗಸ್ಟ್ 21ರಂದು ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಕೊಟ್ಟ ದೂರಿನ ಕಥೆ ತಿಳಿದದ್ದೇ. ಸೆಪ್ಟೆಂಬರ್ 13ರಂದು ಸಂಸ್ಥಾನದ ಮೇಲೆ ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ ಶುರುವಾಯಿತು. 16ರಂದು ಪ್ಯಾರಿಸ್ಸಿನಲ್ಲಿ ಸೇರಿದ ಮಂಡಳಿ ಎಂಟು ಮತಗಳಿಂದ ದೂರನ್ನು ಕಾರ್ಯಸೂಚಿಗೆ ತೆಗೆದುಕೊಂಡಿತು. 22ರಂದು ಸಂಸ್ಥಾನದ ಅರಸರಾದ ನಿಜಾಮರು ಅದನ್ನು ಹಿಂತೆಗೆದುಕೊಂಡರು. ಈ ಪ್ರಕರಣವನ್ನು 1950ರಲ್ಲಿ ವಿಶ್ಲೇಷಿಸಿದ ಅಂತರರಾಷ್ಟ್ರೀಯ ಕಾನೂನಿನ ವಿದ್ವಾಂಸ ಕ್ಲೈಡ್ ಈಗಲ್ಟನ್ ಅವರಿಗೆ ಮುಖ್ಯವೆನಿಸಿದ್ದು ಹೈದರಾಬಾದಿನ ಸ್ಥಾನಮಾನ: ಅದು ಮಂಡಳಿಯೆದುರು ನಿಲ್ಲಬಲ್ಲ ರಾಷ್ಟ್ರವೇ? ಸಂಸ್ಥಾನದ ಪಡುವಣ ಅಂಚಿನ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಮೇರೆಯಿಂದ ನೋಡಿದರೆ ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಕಾಣುತ್ತದೆ: ಆ ಗಡಿಯ ಹೊಣೆ ಯಾರದು?

ಗಂಗಾವತಿಗೆ ತುಂಗಭದ್ರೆಯೇ ಮದರಾಸಿನ ಗಡಿಯಾಗಿದ್ದರೆ, ಕೊಪ್ಪಳ ಸೀಮೆಯ ಪಡುವಣಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ ಒತ್ತಿಕೊಂಡಿತ್ತು. ಅಲ್ಲಿನ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಿಜಾಮರ ಆಳ್ವಿಕೆಯ ವಿರುದ್ಧದ ಹೋರಾಟಗಾರರ ಗಡಿ ಶಿಬಿರಗಳನ್ನು ನಡೆಸಿದರು. ಅಳವಂಡಿ ನಿಜಾಮ್ ಸೀಮೆಯ ಊರು, ಮುಂಡರಗಿ ಭಾರತ ಒಕ್ಕೂಟದ ನೆಲ. ಶಿಬಿರದ ತಂಡಗಳು ಗಡಿ ದಾಟಿ ನಿಜಾಮ್ ಸೀಮೆಯ ಠಾಣೆಗಳ ಮೇಲೆರಗಿ ಮರಳುತ್ತಿದ್ದವು. ತನ್ನ ನೆಲದಿಂದ ನೆರೆರಾಷ್ಟ್ರದ ಮೇಲೆ ಸಶಸ್ತ್ರ ತಂಡಗಳು ಹೋಗದಂತೆ ನೋಡಿಕೊಳ್ಳುವುದು ಅಂತರರಾಷ್ಟ್ರೀಯ ಕಾನೂನಿನಲ್ಲಿ ರಾಷ್ಟ್ರವೊಂದರ ಹೊಣೆ. ಹೈದರಾಬಾದ್ ಪರರಾಷ್ಟ್ರವೆಂದಾದರೆ ಮುಂಡರಗಿಗೆ ಭಾರತ ಉತ್ತರ ಹೇಳಬೇಕಾಗುತ್ತಿತ್ತು. ಭಾರತದ ಪ್ರತಿನಿಧಿ ರಾಮಸ್ವಾಮಿ ಮೊದಲಿಯಾರರು ಮಂಡಳಿಯಲ್ಲಿ ಮಂಡಿಸಿದ ‘ಆಂತರಿಕ ವಿಷಯ’ದ ವಾದ ದೂರುದಾರನ ಅರ್ಹತೆಯನ್ನಷ್ಟೇ ಅಲ್ಲ, ಆ ಗಡಿಯ ಅಂತರರಾಷ್ಟ್ರೀಯ ಸ್ವರೂಪವನ್ನೂ ಅಳಿಸಿತು, ಗಡಿಯೇ ಇಲ್ಲವೆಂದ ಮೇಲೆ ಗಡಿಯ ಹೊಣೆಯೂ ಇಲ್ಲ. ಶಿಬಿರಗಳನ್ನು ಮರೆಮಾಚಲೆಂದೇ ಈ ವಾದ ಹೂಡಲಾಯಿತೆಂದು ನಾನು ಹೇಳುತ್ತಿಲ್ಲ. ಹೇಳುತ್ತಿರುವುದು ವಾದದ ಪರಿಣಾಮವನ್ನು, ಹೂಡಿದವರ ಉದ್ದೇಶವನ್ನಲ್ಲ. ಅದೂ ಕಾನೂನಿನ ತರ್ಕದ ಮಟ್ಟಿಗೆ.

ಭಾರತ ಮತ್ತು ಹೈದರಾಬಾದ್ ನಡುವಿನ, 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವನ್ನು ಮುಂದಿಟ್ಟು ‘ಆಂತರಿಕ ವಿಷಯ’ದ ವಾದವನ್ನು ಆಕ್ಷೇಪಿಸಬಹುದು. ಅದರ ನಾಲ್ಕನೆಯ ಕಲಮು ವಿವಾದಗಳನ್ನು ಪಂಚಾಯ್ತಿಗೆ ಒಪ್ಪಿಸುತ್ತದೆ. ಉಭಯರೂ ಸಮಾನ ಪಕ್ಷಗಳೆಂದಲ್ಲವೇ ಅದರರ್ಥ? ಆದರೆ ಮೊದಲನೆಯ ಕಲಮು ವಿದೇಶ ವ್ಯವಹಾರ, ರಕ್ಷಣೆಗಳಲ್ಲಿ ಬ್ರಿಟಿಷ್ ಕಾಲದ ಏರ್ಪಾಡನ್ನೇ ಮುಂದುವರಿಸಿತು. ಒಪ್ಪಂದ ಮಾಡಿಕೊಳ್ಳುವ ಶಕ್ತಿಯನ್ನು ಉಳಿಸಿ, ಹೊರಜಗತ್ತಿನೊಡನೆ ವ್ಯವಹರಿಸುವ ಅಧಿಕಾರವನ್ನು ಕೈಬಿಡಿಸಿದ ಈ ಪತ್ರದಿಂದ ಎರಡೂ ವಾದಗಳು ಹುಟ್ಟುತ್ತವೆ. ಸ್ಥಾನಮಾನದ ಪ್ರಶ್ನೆಯನ್ನು ಇದೊಂದರಿಂದಲೇ ತೀರ್ಮಾನಿಸಲಾಗದು. ಶಿಬಿರಗಳನ್ನು ನಡೆಸಿದವರು ಸಂಸ್ಥಾನದ ಹೋರಾಟಗಾರರೇ ಹೊರತು ಸರ್ಕಾರವಲ್ಲ ಎಂಬ ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಆದರೆ ಪ್ರಶ್ನೆ ಯಾರು ನಡೆಸಿದರು ಎಂಬಲ್ಲಿಗೆ ನಿಲ್ಲದೆ, ಯಾರು ತಡೆಯಬೇಕಿತ್ತು ಎಂಬಲ್ಲಿಗೆ ಬರುತ್ತದೆ. ಮುಂಬಯಿ ಪ್ರಾಂತದ ಅಧಿಕಾರಿಗಳ ಮೌನವನ್ನು ಸಮ್ಮತಿಯೆಂದು ಎಣಿಸಬಹುದೇ ಎಂಬುದನ್ನು ಜಿಲ್ಲಾ ಕಡತಗಳ ಓದು ನಿರ್ಧರಿಸಬೇಕು. ಅಲ್ಲಿಯವರೆಗೆ ಈ ಲೇಖನದ ವಾದ ಇಷ್ಟೇ: ಪ್ಯಾರಿಸ್ಸಿನ ಕಡತದ ಜೊತೆಗೆ ಮುಂಡರಗಿಯನ್ನೂ ಇಟ್ಟು ಓದಬೇಕು.